ಎರಡೇ ಡಿಸ್ಕ್‌ನಲ್ಲಿ ಬಣ್ಣ ಪೂರ್ತಿ ಕಲೆತುಹೋಗುತ್ತಿದೆ, ಎಲ್ಲಿ ತಪ್ಪು?

ನೀಡಿಂಗ್‌ಬ್ಲಾಕ್: ಮೂರು ವಾರದಿಂದ ಇದರ ಹಿಂದೆ ಬಿದ್ದಿದ್ದೇನೆ. ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್ (ಎರಡು ಸ್ಕ್ರೂ ತಿರುಗಿ ಪ್ಲಾಸ್ಟಿಕ್ ಕರಗಿಸಿ ಕಲೆಸುವ ಮೆಷಿನ್) ಒಳಗಿನ ಹರಿವನ್ನು ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟ್ ಮಾಡುತ್ತಿದ್ದೇನೆ. ನೀಡಿಂಗ್ ಬ್ಲಾಕ್, ಅಂದರೆ ಕಲೆಸುವ ಡಿಸ್ಕ್‌ಗಳ ಸಾಲು ಇರುವ ಭಾಗ ಮಾತ್ರ. ಅರ್ಧ ಚಾನೆಲ್‌ಗೆ ಬಣ್ಣದ ಪಾಲಿಮರ್, ಉಳಿದರ್ಧಕ್ಕೆ ಬಣ್ಣವಿಲ್ಲದ್ದು. ಎರಡು ಡಿಸ್ಕ್ ದಾಟುವಷ್ಟರಲ್ಲಿ ಎಲ್ಲಾ ಒಂದೇ ಬಣ್ಣ! ನಿಜವಾದ ಮೆಷಿನ್‌ನಲ್ಲಿ ಡೈ (ಪಾಲಿಮರ್ ಹೊರಬರುವ ಬಾಯಿ) ಹತ್ತಿರವೂ ಗೆರೆ ಗೆರೆ ಕಾಣುತ್ತದೆ. ಟಾರ್ಕ್, ಪ್ರೆಶರ್ ಸರಿಯಾಗಿ ಹೊಂದುತ್ತಿವೆ. ಸೆಟ್ಟಿಂಗ್ ಎಲ್ಲಾ ಮಾಮೂಲಿ. ತಲೆ ಕೆಟ್ಟುಹೋಗಿದೆ, ಯಾರಾದರೂ ಹೇಳಿ.

ಮೆಶ್‌ಪ್ರಿಯ: ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಸಣ್ಣ ಎಲಿಮೆಂಟ್‌ಗಳಾಗಿ ಹೋಳು ಮಾಡಿದ ಜಾಲ) ತೀರಾ ಒರಟಾಗಿದೆ ಅನಿಸುತ್ತದೆ. ಸ್ಕ್ರೂ ತುದಿಗೂ ಬ್ಯಾರೆಲ್‌ಗೂ (ಹೊರಗಿನ ಕೊಳವೆ) ನಡುವಿನ ಸಂದಿಯಲ್ಲಿ ಎಷ್ಟು ಎಲಿಮೆಂಟ್ ಇವೆ?

ಕ್ಯಾರೋಪಕ್ಷ: ಮೊದಲು ವಿಸ್ಕಾಸಿಟಿ (ದ್ರವದ ಮಂದತನ) ಮಾಡೆಲ್ ಹೇಳಿ. ಪವರ್ ಲಾ ಸೂತ್ರ ಆಗಿದ್ದರೆ ಶಿಯರ್ (ಪದರಗಳು ಒಂದರ ಮೇಲೊಂದು ಜಾರುವ ವೇಗ) ಸೊನ್ನೆಗೆ ಇಳಿದ ಕಡೆ ವಿಸ್ಕಾಸಿಟಿ ಮಿತಿಯಿಲ್ಲದೆ ಏರುತ್ತದೆ. ಅಲ್ಲೂ ಮಿತಿಯೊಳಗೇ ಇರುವ ಕ್ಯಾರೋ-ಯಸೂಡಾ ಸೂತ್ರ ಹಾಕಿ.

ಮೆಶ್‌ಪ್ರಿಯ: ಟಾರ್ಕ್ ಹೊಂದುತ್ತಿದೆ ಅಂದರಲ್ಲ ಅವರು. ವಿಸ್ಕಾಸಿಟಿ ಮಾತು ಯಾಕೆ ಈಗ? ಪವರ್ ಲಾಗೂ ಒಂದು ಮಿತಿ ಹಾಕಿದರೆ ಸಾಕು.

ಕ್ಯಾರೋಪಕ್ಷ: ಮಿತಿ ಹಾಕುವುದು ತೇಪೆ ಕೆಲಸ ರೀ. ಹತ್ತು ವರ್ಷದಿಂದ ನೋಡುತ್ತಿದ್ದೇನೆ.

ನೀಡಿಂಗ್‌ಬ್ಲಾಕ್: ಕ್ಯಾರೋ-ಯಸೂಡಾನೇ ಇದೆ. ಮೆಶ್ ಅಳತೆ ಅರ್ಧಕ್ಕೆ ಇಳಿಸಿದೆ. ಎಲಿಮೆಂಟ್ ಎಂಟು ಪಟ್ಟಾಯಿತು, ಎರಡು ದಿನ ಓಡಿತು. ಗೆರೆ ಈಗ ಮೂರನೇ ಡಿಸ್ಕ್‌ವರೆಗೆ ಉಳಿಯುತ್ತದೆ, ಅಷ್ಟೇ.

ಮೆಶ್‌ಪ್ರಿಯ: ನಾನು ಹೇಳಲಿಲ್ವಾ! ಇನ್ನೂ ಅರ್ಧ ಮಾಡಿ.

ನಿಧಾನಹರಿವು: ಬೇಡ, ಸುಮ್ನೆ ದಿನ ಹಾಳು. ಬಣ್ಣದ ಸಮೀಕರಣಕ್ಕೆ ಯಾವ ಸ್ಕೀಮ್ (ಲೆಕ್ಕ ಬಿಡಿಸುವ ವಿಧಾನ) ಹಾಕಿದ್ದೀರಿ?

ನೀಡಿಂಗ್‌ಬ್ಲಾಕ್: ಫಸ್ಟ್ ಆರ್ಡರ್ ಅಪ್‌ವಿಂಡ್, ಹರಿವು ಬರುವ ಕಡೆಯ ಎಲಿಮೆಂಟ್‌ನ ಬೆಲೆಯನ್ನೇ ತೆಗೆದುಕೊಳ್ಳುವುದು. ಬೇರೆಯದರಲ್ಲಿ ಕನ್ವರ್ಜ್ ಆಗಲಿಲ್ಲ, ಲೆಕ್ಕ ಒಂದು ಉತ್ತರಕ್ಕೆ ನಿಲ್ಲಲಿಲ್ಲ. ಅದನ್ನೂ ಹೇಳಬೇಕಿತ್ತಾ?

ನಿಧಾನಹರಿವು: ಅದನ್ನೇ ಹೇಳಬೇಕಿತ್ತು. ಕರಗಿದ ಪಾಲಿಮರ್‌ನಲ್ಲಿ ಡಿಫ್ಯೂಷನ್ (ಬಣ್ಣ ತಾನಾಗಿ ಹರಡುವುದು) ಸೆಕೆಂಡಿಗೆ 10⁻¹² ಚದರ ಮೀಟರ್ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. ಆ ಲೆಕ್ಕದಲ್ಲಿ 1 ಮಿ.ಮೀ. ಹರಡಲು 10 ಲಕ್ಷ ಸೆಕೆಂಡ್, ಅಂದರೆ 11 ದಿನಕ್ಕಿಂತ ಜಾಸ್ತಿ. ಪಾಲಿಮರ್ ಮೆಷಿನ್ ಒಳಗಿರುವುದು ಒಂದೆರಡು ನಿಮಿಷ. ಈಗ ನಿಮ್ಮ ಸ್ಕೀಮ್ ನೋಡಿ. ವೇಗವನ್ನು ಎಲಿಮೆಂಟ್ ಅಳತೆಯಿಂದ ಗುಣಿಸಿ ಅರ್ಧ ಮಾಡಿದರೆ ಅದು ತಾನಾಗಿ ಸೇರಿಸುವ ಸುಳ್ಳು ಡಿಫ್ಯೂಷನ್ ಸಿಗುತ್ತದೆ. ಸೆಕೆಂಡಿಗೆ 0.1 ಮೀಟರ್, ಎಲಿಮೆಂಟ್ 0.5 ಮಿ.ಮೀ. ಅಂತಿಟ್ಟುಕೊಳ್ಳಿ. ನಿಜವಾದ ಡಿಫ್ಯೂಷನ್‌ಗಿಂತ 2.5 ಕೋಟಿ ಪಟ್ಟು ಜಾಸ್ತಿ! ಮೆಶ್ ಅರ್ಧ ಮಾಡಿದರೆ ಅದೂ ಬರೀ ಅರ್ಧ ಆಗುತ್ತದೆ. ಹರಿವಿನ ಲೆಕ್ಕ ಹಾಗೇ ಇಟ್ಟುಕೊಳ್ಳಿ. ಬಣ್ಣಕ್ಕೆ ಪಾರ್ಟಿಕಲ್ ಟ್ರ್ಯಾಕಿಂಗ್ ಮಾಡಿ, ಅಂದರೆ ಬಿಡಿ ಕಣಗಳನ್ನು ಹರಿವಿನ ಜೊತೆ ಬಿಟ್ಟು ಅವುಗಳ ದಾರಿ ಹಿಡಿಯಿರಿ.

ನೀಡಿಂಗ್‌ಬ್ಲಾಕ್: ಮಾಡಿದೆ. ಕೊನೆಯ ಡಿಸ್ಕ್‌ವರೆಗೂ ಗೆರೆ ಬಂತು! ಆದರೆ ಒಂದಷ್ಟು ಪಾರ್ಟಿಕಲ್ ಗೋಡೆಯೊಳಗೆ ಹೊಕ್ಕು ಕಾಣೆಯಾಗುತ್ತಿವೆ.

ನಿಧಾನಹರಿವು: ಟೈಮ್ ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಯ ಕಾಲ) ಇಳಿಸಿ. ಒಂದು ಸ್ಟೆಪ್‌ನಲ್ಲಿ ಪಾರ್ಟಿಕಲ್ ಒಂದು ಎಲಿಮೆಂಟ್‌ಗಿಂತ ಜಾಸ್ತಿ ದೂರ ಹಾರಬಾರದು.

ಕ್ಯಾರೋಪಕ್ಷ: ನನ್ನ ಕಂಪ್ಯೂಟರ್ 64 ಕೋರ್, 512 ಜಿಬಿ ರ್‍ಯಾಮ್. ಹತ್ತು ಲಕ್ಷ ಪಾರ್ಟಿಕಲ್ ಆರಾಮಾಗಿ ಓಡಿಸುತ್ತೇನೆ.

ಮೆಶ್‌ಪ್ರಿಯ: ಕೂಲಿಂಗ್‌ಗೆ ಏನು ಹಾಕಿದ್ದೀರಿ ಸರ್? ನನ್ನದು 32 ಕೋರ್‌ಗೇ ಬಿಸಿಯಾಗುತ್ತದೆ.

ನೀಡಿಂಗ್‌ಬ್ಲಾಕ್: ಸ್ಟೆಪ್ ಕಾಲು ಭಾಗಕ್ಕೆ ಇಳಿಸಿದೆ. ಕಾಣೆಯಾಗುವುದು ಕಡಿಮೆಯಾಗಿದೆ, ನಿಂತಿಲ್ಲ. ಉಳಿದದ್ದೆಲ್ಲಾ ಸ್ಕ್ರೂ ತುದಿಯ ಸಂದಿಯಲ್ಲೇ. ಅಲ್ಲಿ ಎರಡೇ ಎಲಿಮೆಂಟ್ ಇವೆ.