ಚಿಕ್ಕಪ್ಪ, ಮಂಗೋಲಿಯಾಗೆ ಹೋಗಿ, ಆದ್ರೆ ಆ ಪಟ್ಟಿ ಬದಲಾಯಿಸಿಕೊಂಡು ಹೋಗಿ

ಚಿಕ್ಕಪ್ಪ, ಚಿಕ್ಕಮ್ಮ, ಶಿರಸಿ ಅತ್ತೆ, ಎಲ್ಲರಿಗೂ ನಮಸ್ಕಾರ. ಇದು ಟೈಪ್ ಮಾಡಿ ಮುಗಿಯೋ ವಿಷಯ ಅಲ್ಲ, ಅದಕ್ಕೇ ವಾಯ್ಸ್ ಕಳಿಸ್ತಿದೀನಿ. ಉದ್ದ ಆಗುತ್ತೆ, ಕೆಲಸ ಮಾಡ್ತಾನೇ ಕೇಳಿ.

ನಿನ್ನೆ ಭಾವ ಗ್ರೂಪಿಗೆ ಹಾಕಿದ್ರಲ್ಲ, ಮಂಗೋಲಿಯಾ ಟೂರ್ ಪಿಡಿಎಫ್, ಪೂರ್ತಿ ಓದಿದೆ. ಜುಲೈನಲ್ಲಿ ಹನ್ನೆರಡು ದಿನ, ಇಪ್ಪತ್ತು ಜನರ ಗುಂಪು, ಜೊತೆಗೆ ಗೈಡ್. ಅದರ ಕೆಳಗೆ ಚಿಕ್ಕಪ್ಪ ನೀವು, "ಅಷ್ಟು ದುಡ್ಡು ಕೊಟ್ಟು ಹುಲ್ಲುಗಾವಲು ನೋಡ್ಬೇಕಾ, ಅಲ್ಲಿ ನೆಟ್ಟಗೆ ಒಂದು ಕೋಟೆನೂ ಇಲ್ವಂತೆ" ಅಂತ ಹಾಕಿದೀರಿ. ಅತ್ತೆ ಊಟದ್ದು ಕೇಳಿದಾರೆ. ಭಾವ, ಗ್ರೂಪಿನ ಗೊಡವೆ ಯಾಕೆ, ಕಾರ್ ಮಾಡ್ಕೊಂಡು ನಾವೇ ಸುತ್ತಿದ್ರೆ ಆಗಲ್ವಾ ಅಂತ ಕೇಳಿದಾರೆ. ನಾನು ಹೋಗಿ ಬಂದಿರೋಳು ಅಂತ ಎಲ್ಲರೂ ನನ್ನನ್ನೇ ಕೇಳ್ತಿದೀರಿ, ಹೇಳ್ತೀನಿ.

ಚಿಕ್ಕಪ್ಪ, ಹಂಪಿಯಲ್ಲಿ ಒಂದು ಗುಡ್ಡ ಹತ್ತಿ ಕಣ್ಣು ಹಾಯಿಸಿದ್ರೆ ಸಾಮ್ರಾಜ್ಯ ಕಾಣುತ್ತಲ್ಲ, ಹಾಗೆ ಅಲ್ಲಿ ಕಾಣಲ್ಲ, ಅದು ನಿಜ. ದೇಶ ಕರ್ನಾಟಕದ ಎಂಟು ಪಟ್ಟು ಇದೆ. ಜನ ಮೂವತ್ತೈದು ಲಕ್ಷದ ಆಸುಪಾಸು, ಅದರಲ್ಲೂ ಹತ್ತಿರ ಹತ್ತಿರ ಅರ್ಧ ಜನ ರಾಜಧಾನಿ ಉಲಾನ್‌ಬಾತರ್‌ನಲ್ಲೇ ಇದಾರೆ. ಉಳಿದದ್ದು ಬಯಲು, ಬೆಟ್ಟ, ಮರುಭೂಮಿ. ಹುಲ್ಲು ಮುಗಿದ ಹಾಗೆ ಮನೆಯನ್ನೇ ಬಿಚ್ಚಿ ಹೇರ್ಕೊಂಡು ಹೋಗೋ ಜನ ಕಲ್ಲಿನ ಅರಮನೆ ಕಟ್ಟಿದ್ದೇ ಕಮ್ಮಿ. ಕಟ್ಟಿದ್ದನ್ನೂ ಮೊದಲು ಹೊರಗಿನ ಸೇನೆ, ಆಮೇಲೆ ಅವರದೇ ಸರ್ಕಾರ ಕೆಡವಿತು. ಹಾಗಾಗಿ ಅಲ್ಲಿ ಚರಿತ್ರೆ ಕೇಳ್ಕೊಂಡೇ ತಿಳೀಬೇಕು. ಬಯಲಲ್ಲಿ ನಿಲ್ಲಿಸಿ, ಇಲ್ಲಿ ಹೀಗಿತ್ತು ಅಂತ ಹೇಳೋರು ಒಬ್ಬರು ಬೇಕೇ ಬೇಕು. ಭಾವ, ನಿಮಗೂ ಇದೇ ಉತ್ತರ. ಬೇರೆ ದೇಶಕ್ಕಾದ್ರೆ ನೀವೇ ಹೋಗಿ ಅಂತಿದ್ದೆ. ಇಲ್ಲಿಗೆ ಒಳ್ಳೇ ಗೈಡ್ ಇಲ್ದೆ ಹೋಗೋದು ಬೇಡ.

ಖರ್ಖೋರಿನ್ ಬಗ್ಗೆ ಹೇಳಿದ್ರೆ ಅರ್ಥ ಆಗುತ್ತೆ. ರಾಜಧಾನಿಯಿಂದ ಪಶ್ಚಿಮಕ್ಕೆ ಸುಮಾರು 360 ಕಿಲೋಮೀಟರ್, ಟಾರ್ ರೋಡು. ಮಂಗೋಲ್ ಸಾಮ್ರಾಜ್ಯದ ರಾಜಧಾನಿ ಆಗಿದ್ದ ಹಳೇ ಕಾರಾಕೋರಂ ಇದ್ದದ್ದು ಇಲ್ಲೇ. ಚೆಂಗೀಸ್ ಖಾನ್ 1206ರಲ್ಲಿ ಹುಲ್ಲುಗಾವಲಿನ ಬುಡಕಟ್ಟುಗಳನ್ನೆಲ್ಲ ಒಂದು ಮಾಡಿ ಖಾನ್ ಆದ, 1227ರಲ್ಲಿ ತೀರಿಹೋದ. ಅವನ ಮಗ ಒಗೊದೈ 1235ರಲ್ಲಿ ಈ ಊರಿಗೆ ಗೋಡೆ ಎಬ್ಬಿಸಿದ. ಈಗ ಹೋದ್ರೆ ಕಾಣೋದು ಹುಲ್ಲು, ಒಂದು ದೊಡ್ಡ ಕಲ್ಲಿನ ಆಮೆ, ಪಕ್ಕದಲ್ಲಿ ಒಂದು ಮಠದ ಬಿಳೀ ಗೋಡೆ, ಅಷ್ಟೇ. ಆಮೆ ಬೆನ್ನ ಮೇಲೆ ಹಿಂದೆ ಶಾಸನದ ಕಲ್ಲು ನಿಲ್ಲಿಸಿದ್ರಂತೆ. ಈಗ ಜನ ಅದಕ್ಕೆ ನೀಲಿ ರೇಷ್ಮೆ ವಸ್ತ್ರ ಸುತ್ತಿರ್ತಾರೆ. ನಮ್ಮ ಬಸ್ಸಿನ ಕೆಲವರು ಐದು ನಿಮಿಷಕ್ಕೆ ಫೋಟೋ ತೆಗೆದು ವಾಪಸ್ ಹೊರಟಿದ್ರು.

ನಮ್ಮ ಗೈಡ್ ಮೊದಲು ಹೈಸ್ಕೂಲಲ್ಲಿ ಚರಿತ್ರೆ ಹೇಳಿಕೊಡ್ತಿದ್ದೋರು. ಎಲ್ಲರನ್ನೂ ವಾಪಸ್ ಕರೆದು ಹುಲ್ಲಲ್ಲಿ ಕೂರಿಸಿದ್ರು. ಸುತ್ತಮುತ್ತ ಬಿದ್ದಿದ್ದ ಚಿಕ್ಕ ಕಲ್ಲು ಆರಿಸಿ ನೆಲದ ಮೇಲೆ ಒಂದೊಂದಾಗಿ ಇಡ್ತಾ ಹೋದ್ರು. ಇದು ಮುಸ್ಲಿಂ ವರ್ತಕರ ಬೀದಿ, ಸಂತೆ ಇಲ್ಲೇ. ಇದು ಚೀನೀ ಕುಶಲಕರ್ಮಿಗಳ ಬೀದಿ. ಹನ್ನೆರಡು ದೇವಸ್ಥಾನ, ಎರಡು ಮಸೀದಿ, ಒಂದು ಚರ್ಚು. ಈ ಲೆಕ್ಕ ಬರೆದಿಟ್ಟಿದ್ದು 1254ರಲ್ಲಿ ಅಲ್ಲಿಗೆ ಬಂದಿದ್ದ ರುಬ್ರುಕ್‌ನ ವಿಲಿಯಂ ಅನ್ನೋ ಪಾದ್ರಿ, ಫ್ರಾನ್ಸಿನ ರಾಜ ಒಂಬತ್ತನೇ ಲೂಯಿಯ ಪತ್ರ ಹಿಡ್ಕೊಂಡು ಬಂದಿದ್ದೋನು. ಅರಮನೆ ಬಾಗಿಲಲ್ಲಿ ಒಂದು ಬೆಳ್ಳಿ ಮರ ಇತ್ತಂತೆ, ಚಿಕ್ಕಪ್ಪ! ಬುಡದಲ್ಲಿ ನಾಲ್ಕು ಬೆಳ್ಳಿ ಸಿಂಹ, ಅವುಗಳ ಬಾಯಿಂದ ಕುದುರೆ ಹಾಲು. ಮೇಲಿಂದ ನಾಲ್ಕು ಕೊಳವೆ, ಒಂದರಲ್ಲಿ ದ್ರಾಕ್ಷಿ ಮದ್ಯ, ಇನ್ನೊಂದರಲ್ಲಿ ಜೇನಿನದ್ದು, ಮತ್ತೊಂದರಲ್ಲಿ ಅಕ್ಕಿಯದ್ದು. ತುದೀಲಿ ಕಹಳೆ ಹಿಡಿದ ದೇವದೂತ. ಮರದ ಕೆಳಗೆ ಬಚ್ಚಿಟ್ಟುಕೊಂಡ ಒಬ್ಬ ಆಳು ಊದಿದ್ರೆ ಮೇಲೆ ಕಹಳೆ ಮೊಳಗೋದು. ಮಾಡಿದ್ದು ಪ್ಯಾರಿಸ್ಸಿನ ಗಿಯೋಮ್ ಬುಷೆ ಅನ್ನೋ ಅಕ್ಕಸಾಲಿ, ಯುದ್ಧದಲ್ಲಿ ಸೆರೆ ಸಿಕ್ಕಿ ಅಷ್ಟು ದೂರ ಬಂದಿದ್ದೋನು. ಅದೇ 1254ರಲ್ಲಿ ಆಗಿನ ಖಾನ್, ಚೆಂಗೀಸನ ಮೊಮ್ಮಗ ಮೋಂಗ್ಕೆ, ತನ್ನ ಆಸ್ಥಾನದಲ್ಲಿ ಕ್ರೈಸ್ತರು, ಮುಸ್ಲಿಮರು, ಬೌದ್ಧರನ್ನ ಎದುರುಬದುರು ಕೂರಿಸಿ ವಾದ ಮಾಡಿಸಿದ. ಇಷ್ಟೆಲ್ಲ ಕೇಳಿದ ಮೇಲೆ, ಫೋಟೋ ತೆಗೆದು ಹೊರಟಿದ್ದೋರೇ ಆ ಕಲ್ಲುಗಳ ನಡುವೆ ಕಾಲು ತಗಲದ ಹಾಗೆ ನಡೀತಿದ್ರು.

ಪಕ್ಕದ ಬೌದ್ಧ ಮಠ ಎರ್ದೆನೆ ಜೂ. ಹದಿನಾರನೇ ಶತಮಾನದ ಕೊನೇಲಿ ಅಬ್ತಾಯ್ ಖಾನ್ ಕಟ್ಟಿಸಿದ್ದು, ಹಾಳಾದ ಕಾರಾಕೋರಮ್ಮಿನ ಕಲ್ಲನ್ನೇ ತಂದು. ಸುತ್ತಲ ಗೋಡೆ ಮೇಲೆ ನೂರಕ್ಕೂ ಹೆಚ್ಚು ಸ್ತೂಪ. ಒಳಗೆ ಕಾಲಿಟ್ರೆ ಮಾತ್ರ ಖಾಲಿ ಬಯಲು, ಒಂದು ಮೂಲೇಲಿ ಕೆಲವೇ ಗುಡಿಗಳು. ಹಿಂದೆ ಅರವತ್ತಕ್ಕೂ ಹೆಚ್ಚು ಇದ್ವಂತೆ. 1937ರಿಂದ 1939ರವರೆಗೆ, ಸೋವಿಯತ್ ರಷ್ಯಾದ ಸ್ಟಾಲಿನ್ ಒತ್ತಾಯ, ಮಂಗೋಲಿಯಾದ ನಾಯಕ ಚೊಯ್ಬಾಲ್ಸನ್ ಆಡಳಿತ, ದೇಶದುದ್ದಕ್ಕೂ ನೂರಾರು ಮಠ ನೆಲಸಮ ಮಾಡಿದ್ರು, ಸಾವಿರಾರು ಲಾಮಾಗಳನ್ನ ಕೊಂದ್ರು. ನಮ್ಮ ಗೈಡ್ ಅಜ್ಜಿಮನೇಲಿ ಅಂಗೈ ಅಗಲದ ಒಂದು ತಾರಾದೇವಿ ವಿಗ್ರಹವನ್ನ ಹಿಟ್ಟಿನ ಚೀಲದಲ್ಲಿ ಹುದುಗಿಸಿ ಇಟ್ಟಿದ್ರಂತೆ. ಊರು ಬಿಟ್ಟು ಊರಿಗೆ ಹೋಗೋವಾಗೆಲ್ಲ ಆ ಚೀಲ ಅಜ್ಜಿಯ ಗಾಡೀಲೇ. 1990ರಲ್ಲಿ ಜನ ಚಳವಳಿ ಮಾಡಿ, ರಕ್ತ ಹರಿಯದೇ ಸರ್ಕಾರ ಬದಲಾದ ಮೇಲೆ ಅದನ್ನ ಹೊರಗೆ ತೆಗೆದ್ರು. ಇದನ್ನ ಹೇಳೋವಾಗ ಅವರ ಕಣ್ಣು ತುಂಬಿತ್ತು, ನನಗೂ ಮಾತು ಬರಲಿಲ್ಲ.

ಈಗ ಆ ಪಿಡಿಎಫ್ ನೋಡಿ. ಖರ್ಖೋರಿನ್‌ಗೆ ಒಂದು ಮಧ್ಯಾಹ್ನ ಇಟ್ಟಿದಾರೆ, ಅದೂ ಊಟ ಆದ ಮೇಲೆ. ಅದು ಆಗದ ಮಾತು. ಎರಡು ರಾತ್ರಿ ಅಲ್ಲಿರಬೇಕು. ಜಪಾನ್ ನೆರವಿನಲ್ಲಿ ಕಟ್ಟಿದ ಮ್ಯೂಸಿಯಂ ಇದೆ, ಅದರಲ್ಲಿ ಹಳೇ ನಗರದ ಮಾದರಿ ಇಟ್ಟಿದಾರೆ, ಅದನ್ನ ಮೊದಲು ನೋಡಿ ಆಮೇಲೆ ಬಯಲಿಗೆ ಹೋಗ್ಬೇಕು. ಖೊವ್ಸ್‌ಗೊಲ್ ಸರೋವರನ ಬಿಟ್ಟುಬಿಡಿ. ಚೆನ್ನಾಗಿಲ್ಲ ಅಂತಲ್ಲ, 262 ಮೀಟರ್ ಆಳದ ತಿಳಿನೀರು, ಉತ್ತರದ ತುದೀಲಿದೆ. ಗೋಬಿ ಮರುಭೂಮಿ ದಕ್ಷಿಣದ ತುದಿ. ಹನ್ನೆರಡು ದಿನದಲ್ಲಿ ಎರಡೂ ಅಂದ್ರೆ ದಿನವೆಲ್ಲ ಗಾಡೀಲೇ ಕೂರಬೇಕು.

ಶಿರಸಿ ಅತ್ತೆ, ನಿಮಗೊಂದು ವಿಷಯ. ಉಲಾನ್‌ಬಾತರ್‌ನ ಗಂದನ್ ಮಠದಲ್ಲಿ ಅವಲೋಕಿತೇಶ್ವರನ ವಿಗ್ರಹ ಇದೆ, ಇಪ್ಪತ್ತಾರೂವರೆ ಮೀಟರ್ ಎತ್ತರ. ಹಳೇದನ್ನ 1938ರಲ್ಲಿ ಕಿತ್ತು ಒಯ್ದಿದ್ರು, ಜನ ದುಡ್ಡು ಕೂಡಿಸಿ 1996ರಲ್ಲಿ ಮತ್ತೆ ನಿಲ್ಲಿಸಿದ್ರು. ಅಲ್ಲಿ ಒಬ್ಬ ಲಾಮಾ ಹತ್ರ ನಾವು ಕರ್ನಾಟಕದವರು ಅಂದ ತಕ್ಷಣ "ಮುಂಡಗೋಡ್!" ಅಂದ್ರು. ನಿಮ್ಮ ಮನೆಯಿಂದ ಗಂಟೆ ದಾರಿ ಇರೋ ಅದೇ ಮುಂಡಗೋಡು. ಅಲ್ಲಿಯ ಟಿಬೆಟನ್ನರ ಡ್ರೆಪುಂಗ್ ಗೋಮಂಗ್ ಮಠಕ್ಕೂ ಮಂಗೋಲಿಯಾಕ್ಕೂ, ಆ ಮಠ ಟಿಬೆಟ್ಟಿನ ಲಾಸಾದಲ್ಲಿದ್ದ ಕಾಲದಿಂದ ನಂಟು, ಈಗಲೂ ಮಂಗೋಲಿಯಾದ ಹುಡುಗರು ಓದೋಕೆ ಇಲ್ಲಿಗೇ ಬರ್ತಾರೆ. ಇನ್ನೊಂದು ಹೆಸರು ಅಲ್ಲಿ ಎಲ್ಲರ ಬಾಯಲ್ಲೂ ಇದೆ, ಕುಶೋಕ್ ಬಕುಲ ರಿಂಪೋಚೆ. ಲಡಾಖಿನವರು, 1990ರಿಂದ ಹತ್ತು ವರ್ಷ ಅಲ್ಲಿ ನಮ್ಮ ದೇಶದ ರಾಯಭಾರಿ ಆಗಿದ್ರು, ಮುಚ್ಚಿದ್ದ ಮಠಗಳನ್ನ ತೆರೆಸೋಕೆ ಓಡಾಡಿದ್ರು, ಒಂದು ಹೊಸ ಮಠವನ್ನೂ ಕಟ್ಟಿಸಿದ್ರು. ಅದೂ ಊರಲ್ಲೇ ಇದೆ, ಪಿಡಿಎಫ್‌ನಲ್ಲಿ ಇಲ್ಲ. ಸೇರಿಸೋಕೆ ಹೇಳಿ, ಅರ್ಧ ಗಂಟೆ ಸಾಕು.

ಇನ್ನು ಬಯಲಿನ ಮನೆಗಳು. ಗೆರ್ ಅಂತಾರೆ, ದುಂಡಗೆ, ಮರದ ಜಾಲರಿ ಗೋಡೆ, ಮೇಲೆ ಕುರಿ ಉಣ್ಣೆಯ ದಪ್ಪ ಹೊದಿಕೆ. ಬಾಗಿಲು ಯಾವಾಗಲೂ ದಕ್ಷಿಣಕ್ಕೆ, ಹೊಸ್ತಿಲು ತುಳೀಬಾರದು, ನಡುವೆ ಇರೋ ಎರಡು ಕಂಬಗಳ ಮಧ್ಯೆ ಹಾಯಬಾರದು. ಪ್ರವಾಸಿಗಳಿಗೆ ಅಂತ ಕಟ್ಟಿದ ಗೆರ್ ಕ್ಯಾಂಪ್ ಬೇರೆ, ದನ ಕುರಿ ಸಾಕೋರ ಮನೆ ಬೇರೆ. ನೀವು ಎರಡನೇದಕ್ಕೆ ಹೋಗಲೇಬೇಕು. ನಾವು ಹೋದ ಮನೇಲಿ ಕುದುರೆ ಹಾಲು ಕರೆಯೋದು ನೋಡಿದ್ವಿ. ಮರೀನ ಮೊದಲು ತಾಯಿ ಹತ್ರ ಬಿಟ್ಟು, ನಾಲ್ಕು ಸಲ ಚೀಪಿ ಹಾಲು ಇಳಿದ ಮೇಲೆ ಹುಡುಗ ಮರಿ ಕುತ್ತಿಗೆ ಹಿಡಿದು ತಾಯಿ ಮೈಗೆ ತಾಗಿಸಿಕೊಂಡೇ ನಿಂತ. ಆಕೆ ಒಂದು ಮಂಡಿ ಊರಿ, ಬಕೆಟ್ಟು ಇನ್ನೊಂದು ತೊಡೆ ಮೇಲೆ ಇಟ್ಟು, ಒಂದು ತೋಳನ್ನ ಕುದುರೆಯ ಹಿಂಗಾಲು ಬಳಸಿ ಹಾಕಿ ಕರೆದ್ರು. ಒಂದು ಸಲಕ್ಕೆ ಸಿಗೋ ಹಾಲು ಸ್ವಲ್ಪವೇ, ಅದಕ್ಕೇ ಹಗಲಲ್ಲಿ ಎರಡೆರಡು ಗಂಟೆಗೊಮ್ಮೆ ಕರೀತಾರೆ. ಬಾಗಿಲ ಪಕ್ಕದಲ್ಲಿ ತೂಗು ಹಾಕಿದ ಚರ್ಮದ ಚೀಲಕ್ಕೆ ಸುರಿದು, ಮರದ ಕೋಲಿಂದ ಸಾವಿರಾರು ಸಲ ಕಡೀಬೇಕು. ಒಳಗೆ ಬಂದೋರೂ ನಾಲ್ಕು ಸಲ ಕಡೆದೇ ಕೂರೋದು ಪದ್ಧತಿ. ಅದು ಹುಳಿ ಬಂದು ಐರಗ್ ಆಗುತ್ತೆ, ಸ್ವಲ್ಪ ಅಮಲಿನ ಅಂಶ ಇರುತ್ತೆ. ಅತ್ತೆ, ಕುಡೀಲೇಬೇಕು ಅಂತಿಲ್ಲ, ಬಟ್ಟಲನ್ನ ಬಲಗೈಲಿ ಇಸ್ಕೊಂಡು ತುಟಿಗೆ ಸೋಕಿಸಿ ವಾಪಸ್ ಕೊಟ್ರೆ ಸಾಕು, ಯಾರೂ ಬೇಜಾರು ಮಾಡ್ಕೊಳಲ್ಲ.

ಆದ್ರೆ ಇಪ್ಪತ್ತು ಜನ ಒಂದೇ ಗೆರ್‌ಗೆ ನುಗ್ಗಿದ್ರೆ ಮನೆಯವರಿಗೆ ಹಿಂಸೆ. ಹತ್ತು ಹತ್ತು ಜನ ಮಾಡಿ ಬೇರೆ ಬೇರೆ ಮನೆಗೆ ಕರ್ಕೊಂಡು ಹೋಗ್ತೀರಾ ಅಂತ ಕೇಳಿ. ಅಲ್ಲಿ ಕೂತಾಗ ಚಳಿಗಾಲದ ವಿಷಯ ಕೇಳೋಕೆ ಗೈಡಿಗೆ ಹೇಳಿ. ಬೇಸಿಗೇಲಿ ಮಳೆ ಕೈಕೊಟ್ಟು ಹುಲ್ಲು ಕಮ್ಮಿಯಾಗಿ, ಆಮೇಲೆ ಹಿಮ ದಪ್ಪಗೆ ಬಿದ್ದು ಗಟ್ಟಿಯಾದ್ರೆ, ಪ್ರಾಣಿಗಳಿಗೆ ಗೊರಸಿಂದ ಕೆದಕಿದ್ರೂ ಹುಲ್ಲು ಸಿಗಲ್ಲ. ಜುದ್ ಅಂತಾರೆ ಇದಕ್ಕೆ. 2009-10ರಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು, 2023-24ರಲ್ಲಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ವು. ಎಲ್ಲಾ ಕಳ್ಕೊಂಡೋರು ಗೆರ್ ಹೇರ್ಕೊಂಡು ಉಲಾನ್‌ಬಾತರ್‌ಗೆ ಬಂದು ಗುಡ್ಡದ ಮೇಲೆ ಹೂಡ್ತಾರೆ. ಊರ ಸುತ್ತ ಆ ಬಿಳೀ ಗೆರ್‌ಗಳ ಸಾಲು ನಿಮಗೆ ಕಾಣುತ್ತೆ. ಅಲೆಮಾರಿ ಬದುಕು ಅಂತ ಪಿಡಿಎಫ್‌ನಲ್ಲಿ ಬಣ್ಣ ಹಚ್ಚಿ ಬರೆದೋರು ಇದರ ಬಗ್ಗೆ ಒಂದು ಸಾಲೂ ಬರೆದಿಲ್ಲ. ನನಗೆ ಅದು ಸರಿ ಕಾಣಲಿಲ್ಲ.

ಗೋಬಿ ಮಕ್ಕಳಿಗೆ ಅಂತ ಇದ್ರೂ ಚಿಕ್ಕಪ್ಪ, ನಿಮಗೂ ಹಿಡಿಸುತ್ತೆ. ಮರಳು ಕಮ್ಮಿ, ಬಹುಪಾಲು ಜಲ್ಲಿ ನೆಲ. ಬಯಾನ್‌ಜಾಗ್ ಅನ್ನೋ ಕೆಂಪು ದಿಬ್ಬದಲ್ಲಿ 1923ರಲ್ಲಿ ಅಮೆರಿಕದ ರಾಯ್ ಚಾಪ್ಮನ್ ಆಂಡ್ರ್ಯೂಸ್ ತಂಡಕ್ಕೆ ಡೈನೋಸಾರ್ ಮೊಟ್ಟೆಗಳ ಗೂಡು ಸಿಕ್ತು. ಗೂಡಿನ ಮೇಲೆ ಒಂದು ಪ್ರಾಣಿಯ ಅಸ್ಥಿ ಇತ್ತು, ಬೇರೆಯವರ ಮೊಟ್ಟೆ ಕದಿಯೋಕೆ ಬಂದು ಸತ್ತಿದೆ ಅಂದ್ಕೊಂಡ್ರು. ಎಪ್ಪತ್ತು ವರ್ಷ ಆದ ಮೇಲೆ, 1993ರಲ್ಲಿ, ಅಂಥದ್ದೇ ಮೊಟ್ಟೆಯೊಳಗಿನ ಭ್ರೂಣ ಸಿಕ್ಕಿ ಗೊತ್ತಾಯ್ತು, ಆ ಮೊಟ್ಟೆಗಳು ಅದರ ಜಾತಿಯವೇ ಅಂತ. ಗೋಬಿಯಿಂದ ಕದ್ದು ಸಾಗಿಸಿದ ಟಾರ್ಬೋಸಾರಸ್ ಅನ್ನೋ ಡೈನೋಸಾರ್ ಅಸ್ಥಿಪಂಜರ 2012ರಲ್ಲಿ ನ್ಯೂಯಾರ್ಕ್‌ನಲ್ಲಿ ಹತ್ತು ಲಕ್ಷ ಡಾಲರಿಗೂ ಮೇಲೆ ಹರಾಜಾಗಿತ್ತು. ಮಂಗೋಲಿಯಾ ಕೋರ್ಟಿಗೆ ಹೋಗಿ 2013ರಲ್ಲಿ ವಾಪಸ್ ತಂತು. ರಾಜಧಾನೀಲಿ ಹಿಂದೆ ಲೆನಿನ್ ಮ್ಯೂಸಿಯಂ ಆಗಿದ್ದ ಕಟ್ಟಡದಲ್ಲಿ ಡೈನೋಸಾರ್ ಮ್ಯೂಸಿಯಂ ಮಾಡಿದಾರೆ.

ಹುಸ್ತಾಯ್ ರಾಷ್ಟ್ರೀಯ ಉದ್ಯಾನಕ್ಕೆ ಸಂಜೆ ಹೊತ್ತೇ ಹೋಗಿ. ತಾಖಿ ಅನ್ನೋ ಕಾಡುಕುದುರೆ 1960ರ ದಶಕದ ಕೊನೆಗೆ ಬಯಲಿಂದ ಪೂರ್ತಿ ಕಣ್ಮರೆ ಆಗಿತ್ತು, ಯುರೋಪಿನ ಮೃಗಾಲಯಗಳಲ್ಲಿ ಉಳಿದಿದ್ದ ಸಂತತಿಯನ್ನ 1992ರಲ್ಲಿ ವಾಪಸ್ ತಂದು ಬಿಟ್ರು. ಸಂಜೆ ನೀರಿಗೆ ಇಳಿಯುತ್ವೆ, ಮಧ್ಯಾಹ್ನ ಹೋದ್ರೆ ದೂರದ ಚುಕ್ಕಿ ಮಾತ್ರ.

ನಾದಮ್ ಹಬ್ಬ ಜುಲೈ 11ರಿಂದ 13. ಕುಸ್ತಿ, ಬಿಲ್ಲು, ಕುದುರೆ ಓಟ. ಕುಸ್ತಿಗೆ ತೂಕದ ವರ್ಗ ಇಲ್ಲ, ಸೋತೋನು ಗೆದ್ದೋನ ತೋಳಡಿ ತೂರಿ ಹೋಗ್ತಾನೆ, ನೋಡೋಕೆ ಚಂದ. ಕುದುರೆ ಓಡಿಸೋರು ಚಿಕ್ಕ ಮಕ್ಕಳು, ಬಿದ್ದು ಪೆಟ್ಟಾಗೋದೂ ಇದೆ, ಅದು ಮಾತ್ರ ನನಗೆ ನೋಡೋಕೆ ಕಷ್ಟ ಆಯ್ತು.

ಊಟ. ಅತ್ತೆ, ಹಳ್ಳಿ ಕಡೆ ಎಲ್ಲದಕ್ಕೂ ಮಾಂಸ. ತರಕಾರಿ ಸೂಪ್ ಅಂದ್ರೂ ಮಾಂಸ ಬೇಯಿಸಿದ ನೀರೇ ಇರಬಹುದು, ಕೇಳಿ ತಗೊಳ್ಳಿ. ಮೊಸರು, ಕೆನೆ, ಉಪ್ಪು ಹಾಕಿದ ಹಾಲಿನ ಟೀ, ಒಣಗಿಸಿದ ಗಟ್ಟಿ ಮೊಸರು ಬೇಕಾದಷ್ಟು ಸಿಗುತ್ತೆ. ಕ್ಯಾಂಪ್‌ಗಳಲ್ಲಿ ಮುಂಚೆ ಹೇಳಿದ್ರೆ ಅನ್ನ, ತರಕಾರಿ ಮಾಡಿಕೊಡ್ತಾರೆ. ಅವಲಕ್ಕಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಕಟ್ಕೊಳ್ಳಿ. ಚಿಕ್ಕಮ್ಮನ ಮಂಡಿನೋವಿಗೆ, ಗೆರ್‌ನಲ್ಲಿ ಸ್ಟೂಲು ತಗ್ಗು, ಬಾಗಿಲು ತಗ್ಗು, ಟಾಯ್ಲೆಟ್ಟು ಹೊರಗೆ ಸ್ವಲ್ಪ ದೂರ, ಜುಲೈಲೂ ರಾತ್ರಿ ಸ್ವೆಟರ್ ಬೇಕು. ಗೋಬಿಯಲ್ಲಿ ದಾರಿ ಇಲ್ಲದ ಕಡೆ ವ್ಯಾನ್ ಕುಲುಕುತ್ತೆ, ಮುಂದಿನ ಸೀಟು ಚಿಕ್ಕಮ್ಮನಿಗೇ ಅಂತ ಈಗಲೇ ಹೇಳಿಡಿ.

ಭಾವ, ಟೂರ್‌ನವರಿಗೆ ಫೋನ್ ಮಾಡಿ ಮೊದಲು ಗೈಡ್ ಯಾರು, ಎಷ್ಟು ವರ್ಷದಿಂದ ಇದೇ ಕೆಲಸ, ಹನ್ನೆರಡೂ ದಿನ ಅವರೇ ಇರ್ತಾರಾ ಅಂತ ಕೇಳಿ. ಬೆಂಗಳೂರಿಂದ ಬರೋ ಮ್ಯಾನೇಜರ್ ಸಾಲದು, ಅಲ್ಲಿಯವರೇ ಬೇಕು. ಖರ್ಖೋರಿನ್ ಎರಡು ರಾತ್ರಿ, ಸರೋವರ ಬೇಡ, ಸಸ್ಯಾಹಾರ, ಇಷ್ಟನ್ನೂ ಈಮೇಲ್‌ನಲ್ಲಿ ಬರೆಸಿಕೊಂಡ ಮೇಲೇ ಅಡ್ವಾನ್ಸ್ ಕಟ್ಟಿ. ಒಪ್ಪದಿದ್ರೆ ನಮ್ಮ ಗೈಡ್ ನಂಬರ್ ನನ್ನ ಹತ್ರ ಇದೆ, ಅವರನ್ನ ಕೇಳಿ ಈ ವಾರದಲ್ಲೇ ತಿಳಿಸ್ತೀನಿ.