‘ತೀವ್ರತೆ 4.4’ ಅಂದರೆ ಯಾವುದರ ಅಳತೆ?

ಎಲ್ಲರಿಗೂ ನಮಸ್ಕಾರ.

ವಿಜಯಪುರದಿಂದ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಕೆಲವು ವರ್ಷಗಳಿಂದ ಆಗಾಗ ನೆಲ ನಡುಗುವುದು ನಿಮಗೂ ಗೊತ್ತಿರಬಹುದು. ಹೆಚ್ಚಿನವು ಸಣ್ಣವು. 2022ರ ಜುಲೈ 9ರ ಬೆಳಿಗ್ಗೆ ಆದದ್ದು ಮಾತ್ರ 4.4. ನಾನು ಆಗ ಚಹಾ ಸೋಸುತ್ತಿದ್ದೆ. ಮೊದಲು ಗುಡುಗುಡು ಸದ್ದು. ಲಾರಿ ಬಂತು ಅಂದುಕೊಂಡೆ. ಆಮೇಲೆ ಸ್ಟ್ಯಾಂಡಿನಲ್ಲಿದ್ದ ಭಾಂಡೆಗಳು ಒಂದಕ್ಕೊಂದು ತಾಕಿ ಟಣಟಣ ಅಂದವು. "ಭೂಮಿ ಅಳ್ಳಾಡಾಕತ್ತೈತಿ, ಹೊರಗ ಬಾ" ಅಂತ ಅವ್ವ ಕೂಗಿದಳು. ಚಹಾ ಅರ್ಧ ಕಟ್ಟೆಯ ಮೇಲೆ.

ಸಂಜೆ ಬಾಗಲಕೋಟೆಯಿಂದ ಅಕ್ಕ ಫೋನ್ ಮಾಡಿದಳು. "ನಿಮ್ಮಲ್ಲಿ ತೀವ್ರತೆ 4.4 ಅಂತ ಟಿವಿಯೊಳಗ ಬಂತು. ನಮ್ಮಲ್ಲಿ ಎಷ್ಟು ಇದ್ದೀತು?"

ಇಲ್ಲೇ ನನ್ನ ಪ್ರಶ್ನೆ ಹುಟ್ಟಿದ್ದು. 4.4 ಅನ್ನೋದು ಊರಿಗೊಂದು ಇರುವ ಲೆಕ್ಕವಲ್ಲ. ನೆಲದೊಳಗೆ ಎಷ್ಟು ಶಕ್ತಿ ಹೊರಬಿತ್ತು ಅನ್ನುವ ಅಳತೆ, ಇಡೀ ಭೂಕಂಪಕ್ಕೆ ಒಂದೇ. ಊರಿಂದ ಊರಿಗೆ ಬದಲಾಗುವುದು ಬೇರೆ ಅಳತೆ: ಅಲ್ಲಿ ಎಷ್ಟು ನಡುಗಿತು, ಏನೇನು ಬಿತ್ತು ಅನ್ನುವುದು. ಡೊಳ್ಳಿಗೆ ಬಿದ್ದ ಪೆಟ್ಟು ಒಂದೇ. ಪಕ್ಕದಲ್ಲಿ ನಿಂತವನಿಗೆ ಎದೆ ನಡುಗುತ್ತದೆ, ಊರಾಚೆ ಇದ್ದವನಿಗೆ ಸುಮ್ನೆ ದುಮ್ ಅಂತ ಕೇಳುತ್ತದೆ. ಕನ್ನಡದಲ್ಲಿ ‘ತೀವ್ರತೆ’ ಈ ಎರಡನೆಯದಕ್ಕೆ ಸರಿಯಾಗಿ ಒಪ್ಪುತ್ತದೆ. ಸುದ್ದಿಯಲ್ಲಿ ಮಾತ್ರ ಅದನ್ನು ಮೊದಲನೆಯದಕ್ಕೆ ಅಂಟಿಸಿಬಿಟ್ಟಿದ್ದಾರೆ. ಹಾಗಾಗಿ ಅಕ್ಕ ಕೇಳಿದ್ದು ತಪ್ಪಲ್ಲ, ಪದವೇ ಹಾಗೆ ಕೇಳಿಸಿತು, ಅಲ್ವಾ?

‘ರಿಕ್ಟರ್ ಮಾಪಕ’ ಇನ್ನೊಂದು ತೊಡಕು. ಮಾಪಕ ಅಂದರೆ ನಮಗೆ ಉಪಕರಣ, ತಾಪಮಾಪಕ ಇದ್ದ ಹಾಗೆ. ಭೂಕಂಪ ವಿಜ್ಞಾನಿ ರಿಕ್ಟರ್ 1935ರಲ್ಲಿ ಕೊಟ್ಟದ್ದು ಯಂತ್ರವಲ್ಲ, ಲೆಕ್ಕ ಹಾಕುವ ಕ್ರಮ. ಅದರಲ್ಲಿ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಜಾಸ್ತಿ. ‘ರಿಕ್ಟರ್ ಅಳತೆ’ ಅಂದರೆ ಸಾಕಲ್ಲ!

ನಿಜವಾದ ತೀವ್ರತೆಗೆ ಮರ್ಕಾಲಿ ಅಳತೆ ಇದೆ, 12 ಮೆಟ್ಟಿಲು. ನನಗೆ ಅದು ತುಂಬಾ ಹಿಡಿಸಿತು. ಯಾಕೆಂದರೆ ಅದು ಜನರು ಹೇಳಿದ್ದನ್ನೇ ನಂಬುತ್ತದೆ. ಭಾಂಡೆ ಸದ್ದಾದವಾ? ಮಲಗಿದವರು ಎದ್ದರಾ? ಗಾರೆ ಉದುರಿತಾ? ಅವ್ವನ ಮಾತಿನಲ್ಲೂ ಇಂಥ ಮೆಟ್ಟಿಲುಗಳಿವೆ. ಕಾಲಿಗಷ್ಟೇ ಗೊತ್ತಾದರೆ ‘ಜುಮ್ ಅಂತು’. ಕಿಟಕಿ ಬಾಗಿಲು ಸದ್ದಾದರೆ ‘ಅದುರಿತು’. ತೂಗುಹಾಕಿದ್ದೆಲ್ಲ ಓಲಾಡಿದರೆ ‘ಅಳ್ಳಾಡಿತು’. ಇದರ ಮೇಲಿನದಕ್ಕೆ ಅವಳ ಹತ್ತಿರ ಕ್ರಿಯಾಪದ ಇಲ್ಲ, ಊರ ಹೆಸರಿದೆ: ‘ಕಿಲ್ಲಾರಿ ಆದಂಗ’.

ಕಿಲ್ಲಾರಿ ನಮ್ಮ ಮನೆಯಲ್ಲಿ ತಾರೀಖೂ ಹೌದು. "ನೀ ಹುಟ್ಟಿದ್ದು ಕಿಲ್ಲಾರಿ ಆದ ಮರುವರ್ಷ" ಅನ್ನುತ್ತಾಳೆ. (ಸಣ್ಣವನಿದ್ದಾಗ ನಾನು ಅದನ್ನು ಕಿಲಾರಿ ಎತ್ತು ಅಂದುಕೊಂಡಿದ್ದೆ.) 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3.56. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಆ ಭೂಕಂಪದ ಅಳತೆ 6.2. ಸತ್ತವರು ಸುಮಾರು 10 ಸಾವಿರ. ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಮಲಗಿದವರ ಮೇಲೆ ಅದೇ ಕುಸಿಯಿತು. ಅಂಥ ಮಾಳಿಗೆ ಮನೆಗಳು ನಮ್ಮ ಹಳ್ಳಿಗಳಲ್ಲೂ ಇವೆ. ಅದಕ್ಕೇ ಇಲ್ಲಿ ಸಣ್ಣ ನಡುಕಕ್ಕೂ ಜನ ಹೊರಸು ತಂದು ಅಂಗಳದಲ್ಲಿ ಹಾಕಿಕೊಳ್ಳುತ್ತಾರೆ. ಅಂಥವರಿಗೆ ಬೇಕಾದದ್ದು ಎರಡನೆಯ ಅಳತೆ, ಅಂದರೆ ತಮ್ಮೂರು ಎಷ್ಟು ನಡುಗಿತು ಅನ್ನುವುದು. ಸಿಗುವುದು ಮೊದಲನೆಯದು, ಅದೂ ತಪ್ಪು ಹೆಸರಿನಲ್ಲಿ.

ಹಾಗಾದರೆ ಮೊದಲನೆಯದಕ್ಕೆ, ಅಂದರೆ ಹೊರಬಿದ್ದ ಶಕ್ತಿಯ ಅಳತೆಗೆ, ಏನನ್ನೋಣ? ‘ಪರಿಮಾಣ’ ಅಂತ ಬರೆದದ್ದು ನೋಡಿದ್ದೇನೆ. ಅದು ಹಾಲು, ನೀರಿನ ಲೆಕ್ಕದ ಹಾಗೆ ಕೇಳುತ್ತದೆ. ‘ಪ್ರಮಾಣ’ ಅಂದರೆ ಸಾಕ್ಷಿ, ಆಣೆ ಎಲ್ಲ ನೆನಪಾಗುತ್ತವೆ. ನಮ್ಮ ಕಡೆ ಎತ್ತಿಗೂ ಮನುಷ್ಯನಿಗೂ ‘ಕಸುವು’ ಅನ್ನುತ್ತೇವೆ. ‘ಭೂಕಂಪದ ಕಸುವು 4.4, ವಿಜಯಪುರದಲ್ಲಿ ತೀವ್ರತೆ ಇಷ್ಟು’ ಅಂತ ಬರೆದರೆ ನಡೆದೀತಾ? ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಹೇಳಿ.

ಇನ್ನೊಂದು. 1967ರ ಡಿಸೆಂಬರ್ 11ರ, ಮಹಾರಾಷ್ಟ್ರದ ಕೊಯ್ನಾ ಭೂಕಂಪ ನೆನಪಿರುವ ಹಿರಿಯರು ಬೆಳಗಾವಿ ಕಡೆ ಇದ್ದರೆ, ಅವರ ಮನೆಯಲ್ಲಿ ಅದಕ್ಕೆ ಯಾವ ಮಾತು ಬಳಸುತ್ತಿದ್ದರು ಅಂತ ದಯವಿಟ್ಟು ಕೇಳಿ ಬರೆಯಿರಿ. ‘ನಡುಗಿತು’ ಅಂದರಾ, ‘ಅಳ್ಳಾಡಿತು’ ಅಂದರಾ, ಇಲ್ಲ ಅಲ್ಲಿಯೂ ಊರ ಹೆಸರೇ ಪದವಾಯಿತಾ?