ಚಳಿ ಇಳಿಯೋ ಹೊತ್ತಿಗೆ ಅಗಿ (ಸಸಿ) ಯಾಕ ಕುತ್ತಿಗಿ ಮುರಕೊಂಡು ಬೀಳತಾವು?

ಕೇಳಿದವರು, ಉರುಳಿ ಕಾಂಚನ್ ಹತ್ರ, ಪುಣೆ ಜಿಲ್ಲೆ

ನಾವು ಇಂಡಿ ತಾಲೂಕಿನವರು, ಪುಣೆಗೆ ಬಂದು 11 ವರ್ಷ ಆತು. ಹೋದ ದಸರಾದಾಗ ಇಲ್ಲಿ 15 ಗುಂಟೆ ಹೊಲ ಲಾವಣಿ ಹಿಡಿದ್ವಿ. ಮೆಂತ್ಯ, ಕೊತ್ತಂಬರಿ, ಪಾಲಕ್ ಬರಾಕತ್ತಾವು. ಒಂದು ಮೂಲ್ಯಾಗ ನೆರಳಿಗೆ ಹಸಿರು ಬಲೆ ಕಟ್ಟಿ ಟ್ರೇದಾಗ ಮೆಣಸಿನಕಾಯಿ, ಟೊಮ್ಯಾಟೊ ಅಗಿ ಮಾಡೀವಿ. ಸಂಕ್ರಾಂತಿ ಆದಮ್ಯಾಲ ಹಾಕಿದ 40 ಟ್ರೇದಾಗ 14 ಹೋದ್ವು. ಹುಟ್ಟಿದ್ದು ಚಲೋನ ಹುಟ್ಟಿದ್ವು. ಎರಡು ಎಲಿ ಬಂದಮ್ಯಾಲ ಬುಡದಾಗ ದಾರದಂಗ ಸಣ್ಣಾಗಿ ಅಡ್ಡ ಬೀಳತಾವು. ಚಳಿ ಹೊಡದೈತೇನು? ಇತ್ತಾಗ ಕೊತ್ತಂಬರಿನೂ ಹೂವಿನ ಕಡ್ಡಿ ಬಿಡಾಕತ್ತೈತಿ. ಬ್ಯಾಸಗಿಗೆ ತಪ್ಪಲಪಲ್ಯ ಬಿಟ್ಟು ಬರೇ ಅಗಿ ಮಾಡೂದು ಚಲೋನೋ ಹೆಂಗ? ಮಾಡಿದವ್ರು ಹೇಳ್ರಿ.

ಥೇಊರ್‌ದಿಂದ

ಅಕ್ಕಾರ, ಅದು ಚಳಿ ಹೊಡದದ್ದಲ್ಲ. ಚಳಿಗೆ ಅಗಿ ಬೆಳಿಯೂದು ನಿಲ್ಲತೈತಿ, ಟೊಮ್ಯಾಟೊ ಎಲಿ ಕೆಳಗ ನೇರಳಿ ಬಣ್ಣಕ್ಕ ತಿರಗತೈತಿ, ಹಿಂಗ ಕುತ್ತಿಗಿ ಮುರಕೊಂಡು ಬೀಳೂದಿಲ್ಲ. ನಿಮ್ಮದು ಸಸಿ ಕೊಳಿ ರೋಗ, ಕೃಷಿ ಕಲತವ್ರು ಡ್ಯಾಂಪಿಂಗ್ ಆಫ್ ಅಂತಾರ. ಹಸಿ ಹೆಚ್ಚಾದಲ್ಲಿ ಬರೋ ಶಿಲೀಂಧ್ರದ ಕೆಲಸ. ನೀರು ಯಾವಾಗ ಹೊಡೀತೀರಿ ಹೇಳ್ರಿ ನೋಡೂಣು. ಸಂಜಿಮುಂದ ಅಂದ್ರ ಕಳ್ಳ ಸಿಕ್ಕಂಗ.

ನಾನೂ ಹಿಂಗ ಕಳಕೊಂಡಾವ. ಮೊದಲನೇ ವರ್ಷ 60 ಟ್ರೇ. ಅರ್ಧ ಮ್ಯಾಲೇ ಬರಲಿಲ್ಲ, ಬಂದದ್ದರಾಗ ಅರ್ಧ ಬಿತ್ತು. ಬೀಜದ ಅಂಗಡಿಯವನ ಜೋಡಿ "ನಿನ್ನ ಬೀಜ ಖೊಟ್ಟಿ" ಅಂತ ಮಂದಿ ಮುಂದ ಜಗಳಾಡಿ ಬಂದೆ. ಮನ್ಯಾಗ ನಮ್ಮವ್ವ ಪಾಕೀಟಿನ್ಯಾಗ ಉಳದ ಬೀಜ ಹಸಿ ಅರಿವಿದಾಗ ಸುತ್ತಿ ಒಲಿ ಹತ್ರ ಇಟ್ಟಿದ್ಲು. ವಾರದಾಗ ಎಲ್ಲಾ ಮೊಳಕಿ. ಆಮ್ಯಾಲ ಎರಡು ವರ್ಷ ಆ ಅಂಗಡಿ ಇರೋ ಓಣಿ ಬಿಟ್ಟು ಸುತ್ತ ಹಾಕಿ ಹೊಕ್ಕಿದ್ದೆ.

ಈ ದಿನಮಾನದ ಮೋಸ ಏನಂದ್ರ, ಮಧ್ಯಾಹ್ನ 32 ಡಿಗ್ರಿ, ಬೆಳಗಿನ ಜಾವ 12-13. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗತೈತಿ ಅಂತೀವಿ ಖರೆ, ಹೋಗೂಮುಂದ ಹಿಂಗ ಆಡಿಸಿ ಹೋಗತೈತಿ. ಮಧ್ಯಾಹ್ನ ಎಲಿ ಜೋತಿದ್ದು ನೋಡಿ ಸಂಜಿಗೆ "ಪಾಪ, ನೀರಡಿಸ್ಯಾವು" ಅಂತ ನೀರು ಕೊಡತೀವಿ. ಅದರ ಮ್ಯಾಲ ರಾತ್ರಿ ಇಬ್ಬನಿ. ಟ್ರೇದಾಗಿನ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆಳತನಕ ಒಣಗೂದಿಲ್ಲ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಒಂದ ಸಲ ಕೊಡ್ರಿ. ಕೊಡೂಕಿಂತ ಮೊದಲ ಟ್ರೇ ಒಂದು ಕೈಲೆ ಎತ್ತಿ ನೋಡ್ರಿ. ಹಗುರ ಇದ್ರ ನೀರು, ಭಾರ ಇದ್ರ ಮುಟ್ಟಬ್ಯಾಡ್ರಿ. ನಾಕು ದಿನದಾಗ ಕೈಗೆ ತೂಕ ಗೊತ್ತಾಗತೈತಿ, ಬ್ಯಾರೆ ಮೀಟರ್ ಬೇಕಾಗಿಲ್ಲ.

ಟ್ರೇ ತುಂಬೂಮುಂದನೂ ಕೊಕೊಪೀಟ್ ಮುಷ್ಟ್ಯಾಗ ಹಿಂಡ್ರಿ. ಬೆರಳಸಂದ್ಯಾಗ ಎರಡು ಹನಿ ಕಾಣಬೇಕು, ಧಾರಿ ಹರೀಬಾರದು. ಮುಷ್ಟಿ ಬಿಚ್ಚಿ ಆ ಉಂಡಿ ಬೆರಳಿಂದ ತಿವದ್ರ ಒಡೀಬೇಕು. ಅಗಿ ಬಿದ್ದ ಟ್ರೇದ ಕೊಕೊಪೀಟ್ ಹೊರಗ ಒಗೀರಿ, ಮತ್ತ ತುಂಬಬ್ಯಾಡ್ರಿ. ಟ್ರೇ ತೊಳದು ಬಿಸಲಿಗೆ ಬಿಡ್ರಿ. ನಾನು ಹೊಸದಕ್ಕ ಟ್ರೈಕೋಡರ್ಮಾ ಪುಡಿ ಕಲಸತೀನಿ, ಅದು ರೋಗದ ಶಿಲೀಂಧ್ರ ತಡಿಯೋ ಒಳ್ಳೇ ಶಿಲೀಂಧ್ರ. ಅದನ್ನ ಹಾಕಿ ಬೆನ್ನಿಗೆನ ತಾಮ್ರದ ಔಷಧ ಹೊಡದ್ರ ಟ್ರೈಕೋಡರ್ಮಾನೂ ಸಾಯತೈತಿ, ರೊಕ್ಕ ದಂಡ.

ಇನ್ನೊಂದು. ಮೆಣಸಿನಕಾಯಿ ಬೀಜ ಹಾಕಿದ ಟ್ರೇ ಒಂದರ ಮ್ಯಾಲೊಂದು ಪೇರಿಸಿ ಪ್ಲಾಸ್ಟಿಕ್ ಹೊಚ್ಚತೀವಲ್ಲ, ಬ್ಯಾಸಗ್ಯಾಗ ನಾಕೈದು ದಿನಕ್ಕ ತಗದ್ರ ನಡೀತೈತಿ, ಈಗ ಎಂಟು ದಿನನೂ ಹಿಡೀತೈತಿ. ಐದನೇ ದಿನದಿಂದ ದಿನಾ ಇಣಕಿ ನೋಡ್ರಿ. ಬಿಳೇ ಮೊಳಕಿ ತಲಿ ಎತ್ತಿದ ದಿನನ ಬಿಡಿಸಿ ಬೆಳಕಿಗೆ ಇಡಬೇಕು. ಒಂದು ದಿನ ತಡ ಆದ್ರ ಶ್ಯಾವಿಗಿ ಎಳಿಯಂಗ ಉದ್ದಾಗಿ, ನೀರು ಹೊಡದ ಕೂಡಲೇ ಮಲಗತಾವು.

ಜುನ್ನರ್ ಕಡೆಯಿಂದ

ಬೆಳಿಗ್ಗೆ ಒಂಬತ್ತಕ್ಕೆ ನೀರು ಕೊಡಿ ಅಂತ ಹೇಳೋದು ಸುಲಭ, ಕರೆಂಟ್ ಯಾರಪ್ಪನ ಮನೇದು? ನಮ್ಮಲ್ಲಿ ಹೊಲದ ತ್ರೀ ಫೇಸ್ ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ರಾತ್ರಿ ಪಾಳಿ ಬಂದಾಗ ಕಬ್ಬಿನ ಬದಿಯಲ್ಲಿ ಬ್ಯಾಟರಿ ಹಿಡಿದು ಹೋಗಬೇಕು, ಇಲ್ಲಿ ಕಬ್ಬಿನಲ್ಲೇ ಚಿರತೆ ಮರಿ ಹಾಕುತ್ತೆ. ಹಿಂದಿನ ವರ್ಷ ನಮ್ಮ ನಾಯಿ ಹೋಯ್ತು. ಅವತ್ತಿಂದ ರಾತ್ರಿ ನೀರು ಕಟ್ಟೋದು ಬಿಟ್ಟೆ. ಮೋಟಾರಿಗೆ ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಮಾಡೋ ಆಟೋ ಸ್ಟಾರ್ಟರ್ ಹಾಕಿಸಿ ಕಪ್ಪು ಟ್ಯಾಂಕ್ ತುಂಬೋ ಹಾಗೆ ಪೈಪ್ ಬಿಟ್ಟಿದ್ದೀನಿ. ನಿಮ್ಮ 40 ಟ್ರೇಗೆ 200 ಲೀಟರಿನ ಒಂದು ಡ್ರಮ್ ಧಾರಾಳ. ಆದರೆ ಬೆಳಗಿನ ಜಾವ ಡ್ರಮ್ಮಿನ ನೀರು ಕೈ ಕೊರೆಯುತ್ತೆ, ಸ್ವಲ್ಪ ಬಿಸಿಲು ತಾಗಿದ ಮೇಲೆ ಹಾಕಿ.

ಮಾಪ್ಸಾ ಹತ್ತಿರದಿಂದ, ಗೋವಾ

ನಾವು ಅಂಕೋಲೆಯವರು, ಇಲ್ಲಿ ಬಂದ ಮೇಲೆ ಸೊಪ್ಪು ಬೆಳೆಯಲಿಕ್ಕೆ ಕಲಿತದ್ದು. ಹೂವಿನ ಕಡ್ಡಿ ಬಿಟ್ಟ ಕೊತ್ತಂಬರಿಯನ್ನು ಯಾವ ಗೊಬ್ಬರ ಕೊಟ್ಟರೂ ವಾಪಸ್ಸು ಎಲೆಗೆ ತಿರುಗಿಸಲಿಕ್ಕೆ ಆಗುವುದಿಲ್ಲ. ದಿನ ಉದ್ದ ಆಗಿ ಬಿಸಿಲು ಏರಿತು ಅಂದರೆ ಅದಕ್ಕೆ ಬೀಜದ್ದೇ ಚಿಂತೆ. ಇವತ್ತೇ ಕಿತ್ತು ಸಿಕ್ಕಿದ ದರಕ್ಕೆ ಮಾರಿ, ಒಂದು ಸಾಲು ಮಾತ್ರ ಬೀಜಕ್ಕೆ ಬಿಡಿ.

ಆ ಜಾಗಕ್ಕೆ ಕೆಂಪು ಹರಿವೆ ಹಾಕಿ. ಇಲ್ಲಿ ತಾಂಬ್ಡಿ ಭಾಜಿ ಅಂತಾರೆ, ಈರುಳ್ಳಿ, ಕಾಯಿತುರಿ ಹಾಕಿ ಪಲ್ಯ ಮಾಡದ ಮನೆ ಇಲ್ಲ. ಅದಕ್ಕೆ ಸೆಕೆಯೇ ಬೇಕು, ಒಂದು ತಿಂಗಳೊಳಗೆ ಬೇರು ಸಮೇತ ಕೀಳಬಹುದು. ಬೀಜ ಸಾಸಿವೆಗಿಂತ ಸಣ್ಣ, ಮರಳಿನಲ್ಲಿ ಬೆರೆಸಿ ಎರಚದಿದ್ದರೆ ಒಂದೇ ಕಡೆ ಗುಪ್ಪೆಯಾಗಿ ಹುಟ್ಟುತ್ತದೆ. ಮೊದಲ ಸಲ ನನ್ನದು ಹುಟ್ಟಲೇ ಇಲ್ಲ. ಬಗ್ಗಿ ನೋಡಿದರೆ ಇರುವೆಗಳು ಸಾಲು ಹಿಡಿದು ಬೀಜ ಹೊತ್ತುಕೊಂಡು ಹೋಗುತ್ತಾ ಇವೆ, ಮದುವೆ ದಿಬ್ಬಣದ ಹಾಗೆ! ಪಕ್ಕದ ಗದ್ದೆಯ ಅಜ್ಜಿ ನಕ್ಕು ಒಂದು ಮುಷ್ಟಿ ರವೆ ತಂದು ಮಡಿಯ ಸುತ್ತ ಚೆಲ್ಲಿದಳು. ಇರುವೆಗೆ ರವೆ ಸಿಕ್ಕಿದರೆ ಬೀಜದ ತಂಟೆಗೆ ಬರುವುದಿಲ್ಲ.

ಮತ್ತೆ ಎಲ್ಲ ಮಡಿಗೂ ಒಂದೇ ದಿನ ಬಿತ್ತಬೇಡಿ. ನಮಗೆ ಮಾಪ್ಸಾದ ಶುಕ್ರವಾರದ ಸಂತೆಯೇ ಲೆಕ್ಕ. ವಾರಕ್ಕೊಂದು ಮಡಿ ಬಿತ್ತಿದರೆ ವಾರಕ್ಕೊಂದು ಮಡಿ ಕೀಳಲಿಕ್ಕೆ ಸಿಗುತ್ತದೆ.

ಹಡಪಸರದಿಂದ

ಗೋವಾದ ಅಕ್ಕ ಹೇಳಿದ್ದು ಸರಿ, ಆದರೆ ಕೊತ್ತಂಬರಿ ಪೂರ್ತಿ ಬಿಡಬೇಡಿ. ಈಗ ಎಲ್ಲರದ್ದೂ ಬರ್ತಾ ಇದೆ, ಜುಡಿಗೆ (ಕಟ್ಟಿಗೆ) ಬೆಲೆ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೆಳೆಯೋರು ಕಮ್ಮಿ, ಅದೇ ಜುಡಿಗೆ ಜನ ಜಗಳಾಡ್ತಾರೆ. ಎರಡೇ ಗುಂಟೆ, 50 ಪರ್ಸೆಂಟ್ ನೆರಳಿನ ಬಲೆ ಕೆಳಗೆ ಮಾಡಿ. ಕಾಳನ್ನ ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ, ರಾತ್ರಿಯೆಲ್ಲ ನೆನೆಸಿ ಬಿತ್ತಿ. ಇಡೀ ಕಾಳು ಹಾಕಿದರೆ ಹುಟ್ಟೋದು ತಡ, ಹೆಚ್ಚುಕಮ್ಮಿ ಬೇರೆ. ಮಾರೋದರಲ್ಲಿ ಒಂದು ಎಚ್ಚರ: ಪುಣೆಯ ಗುಲ್ಟೆಕಡಿ ಮಾರ್ಕೆಟ್ ಯಾರ್ಡ್ ಶನಿವಾರ ಬಂದ್, ಭಾನುವಾರ ಗಾಡಿ ಮೇಲೆ ಗಾಡಿ ಬಂದು ಬೀಳುತ್ತೆ. ನಾನು ಭಾನುವಾರದ ಮಾಲು ಅಲ್ಲಿಗೆ ಒಯ್ಯೋದೇ ಇಲ್ಲ, ಬೆಳಿಗ್ಗೆ ಏಳಕ್ಕೆ ಅಪಾರ್ಟ್‌ಮೆಂಟ್ ಸೊಸೈಟಿ ಗೇಟಿನ ಮುಂದೆ ಕೂರ್ತೀನಿ. ಅಗಿ ವಿಷಯ: ಗಿರಾಕಿ ಮೊದಲೇ ಹೇಳಿದ್ದರೆ ಮಾತ್ರ ಹಾಕಿ. ಟೊಮ್ಯಾಟೊ ಸಸಿ ಒಂದು ತಿಂಗಳಿಗೆ ನಾಟಿಗೆ ಬರುತ್ತೆ, ಆಮೇಲೆ ಟ್ರೇಯಲ್ಲೇ ಮುದಿ ಆದರೆ ಯಾರೂ ಮುಟ್ಟಲ್ಲ.

ಕೇಳಿದವರು

ಎಲ್ಲಾರಿಗೂ ಶರಣು. ಥೇಊರಿನ ಅಣ್ಣಾರ, ಕಳ್ಳ ಸಿಕ್ಕ. ನಮ್ಮನಿಯವ್ರು ಕಂಪನಿ ಕೆಲಸ ಮುಗಿಸಿ ಬಂದು ಸಂಜಿ ಆರಕ್ಕ ನೀರು ಹೊಡೀತಿದ್ರು, ಮ್ಯಾಲ ನಾನೂ ಬೆಳಿಗ್ಗೆ ಹೊಡೀತಿದ್ದೆ. ಒಬ್ರಿಗೊಬ್ರು ಹೇಳೇ ಇರಲಿಲ್ಲ! ಇವತ್ತ 26 ಟ್ರೇ ಎತ್ತಿ ನೋಡಿದೆ, 19 ಕಲ್ಲಿನಂಗ ಭಾರ. ನೀರು ಹಾಕಲಿಲ್ಲ. ಕೊತ್ತಂಬರಿ ನಾಳೆ ಕೀಳತೀವಿ. ಗೋವಾದ ಅಕ್ಕಾರ, ರವಾ ಯಾವುದು, ಸಣ್ಣದೋ ಉಪ್ಪಿಟ್ಟಿಂದೋ?

ಮಾಪ್ಸಾ ಹತ್ತಿರದಿಂದ

ಉಪ್ಪಿಟ್ಟಿನದೇ. ಹುರಿಯಬೇಡಿ ಮತ್ತೆ.